ಜಿಸಿಸಿ ಎಲ್‌ಟಿಒ ಜೊತೆ ಎಲ್‌ಎಲ್‌ಡಿ ಯಾಕೆ ಹೊಂದಲ್ಲ?

ಪ್ರಶ್ನೆ: ಲಿಂಕಿಂಗ್ (ಕಂಪೈಲ್ ಆದ ಫೈಲ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಕೆಲಸ) ಬೇಗ ಮುಗಿಯಲಿ ಅಂತ ಗ್ನೂ ಎಲ್‌ಡಿ ಲಿಂಕರ್ ಬಿಟ್ಟು ಎಲ್‌ಎಲ್‌ವಿಎಂ ಯೋಜನೆಯ ಎಲ್‌ಎಲ್‌ಡಿ ಲಿಂಕರ್ ಹಾಕಿದೆ. ಕಂಪೈಲರ್ ಜಿಸಿಸಿ. ಮಾಮೂಲಿ ಬಿಲ್ಡ್ ಆಗುತ್ತದೆ, ಎಲ್‌ಟಿಒ (ಲಿಂಕ್ ಮಾಡುವಾಗ ಇಡೀ ಪ್ರೋಗ್ರಾಂ ಒಟ್ಟಿಗೆ ಆಪ್ಟಿಮೈಸ್ ಮಾಡುವ ಆಯ್ಕೆ) ಆನ್ ಮಾಡಿದರೆ ಮಾತ್ರ ಮೇನ್ ಸಿಂಬಲ್ಲೇ ಇಲ್ಲ ಅಂತ ಎರರ್. ಕೋಡ್‌ನಲ್ಲಿ ಮೇನ್ ಕಣ್ಣಿಗೆ ಕಾಣ್ತಾ ಇದೆ!

ಉತ್ತರ 1: ಕೋಡ್ ತಪ್ಪಿಲ್ಲ. ಎಲ್‌ಟಿಒ ಹಾಕಿದಾಗ ಜಿಸಿಸಿ ಸಾಮಾನ್ಯವಾಗಿ ಆಬ್ಜೆಕ್ಟ್ ಫೈಲಿನಲ್ಲಿ ಮೆಷಿನ್ ಕೋಡ್ ಇಡುವುದಿಲ್ಲ, ತನ್ನದೇ ಜಿಂಪಲ್ ಎಂಬ ಮಧ್ಯಂತರ ರೂಪ (ಬೈಟ್‌ಕೋಡ್) ಇಡುತ್ತದೆ, ಅದನ್ನು ಓದಲು ಲಿಂಕರ್‌ಗೆ ಜಿಸಿಸಿಯ ಪ್ಲಗಿನ್ ಬೇಕು. ಗ್ನೂ ಎಲ್‌ಡಿ, ಗೋಲ್ಡ್, ಮೋಲ್ಡ್ ಮೂರೂ ಲಿಂಕರ್‌ಗಳು ಆ ಪ್ಲಗಿನ್ ಬಳಸುತ್ತವೆ. ಎಲ್‌ಟಿಒ ರೂಪಗಳಲ್ಲಿ ಎಲ್‌ಎಲ್‌ಡಿಗೆ ಗೊತ್ತಿರುವುದು ಎಲ್‌ಎಲ್‌ವಿಎಂ ಬಿಟ್‌ಕೋಡ್ ಮಾತ್ರ. ಎಲ್‌ಎಲ್‌ಡಿಯೇ ಬೇಕು ಅಂದ್ರೆ ಎಲ್‌ಎಲ್‌ವಿಎಂನ ಕಂಪೈಲರ್ ಕ್ಲ್ಯಾಂಗ್‌ಗೆ ಹೋಗಿ, ಇಲ್ಲಾಂದ್ರೆ ಮೋಲ್ಡ್.

ಉತ್ತರ 2: ಫ್ಯಾಟ್ ಎಲ್‌ಟಿಒ ಆಬ್ಜೆಕ್ಟ್ಸ್ ಫ್ಲ್ಯಾಗ್ ಕೊಟ್ಟರೂ ಲಿಂಕ್ ಆಗುತ್ತದೆ, ಮೆಷಿನ್ ಕೋಡ್, ಜಿಂಪಲ್ ಎರಡೂ ರೂಪ ಒಳಗಿರುತ್ತವಲ್ಲ. ಆದರೆ ಎಲ್‌ಎಲ್‌ಡಿ ಬರೀ ಮೆಷಿನ್ ಕೋಡ್ ತಗೊಳ್ಳುತ್ತದೆ, ಎಲ್‌ಟಿಒ ಲಾಭ ಸಿಗಲ್ಲ. ಸುಮ್ನೆ ಕಂಪೈಲ್ ಸಮಯ ಜಾಸ್ತಿ, ಅಷ್ಟೇ.

ಪ್ರಶ್ನೆ ಕೇಳಿದವರು: ಮೋಲ್ಡ್ ಹಾಕಿದೆ, ಮೇನ್ ಸಿಕ್ಕಿತು! ಈಗ ಒಂದು ಹಳೇ ಸ್ಟ್ಯಾಟಿಕ್ ಲೈಬ್ರರಿ ಮಾತ್ರ ಬೈಟ್‌ಕೋಡ್ ವರ್ಷನ್ ಬೇರೆ ಅಂತ ತಕರಾರು ಮಾಡುತ್ತಿದೆ.

ಉತ್ತರ 1: ಅದನ್ನು ಬೇರೆ ಜಿಸಿಸಿಯಲ್ಲಿ ಬಿಲ್ಡ್ ಮಾಡಿದ್ದೀರಿ, ಅಲ್ವಾ? ಜಿಸಿಸಿ ಮೇಜರ್ ವರ್ಷನ್ ಬದಲಾದರೆ ಹಳೇ ಎಲ್‌ಟಿಒ ಫೈಲ್ ನಡೆಯಲ್ಲ. ಮತ್ತೆ ಬಿಲ್ಡ್ ಮಾಡಿ, ಆರ್ಕೈವ್ (ಸ್ಟ್ಯಾಟಿಕ್ ಲೈಬ್ರರಿ ಫೈಲ್) ಕಟ್ಟುವಾಗ ಜಿಸಿಸಿ ಪ್ಲಗಿನ್ ಬಳಸುವ ಜಿಸಿಸಿ-ಎಆರ್ ಬಳಸಿ.