ಅಂಚೆಯಣ್ಣನ ಹಳೇ ಬೈಕು ಕೊಳ್ಳಬಹುದೇ? ಓಡಿಸಿದವರು ಹೇಳಿ

ಮೆಲ್ಬರ್ನ್‌ಗೆ ಬಂದು ಎಂಟು ತಿಂಗಳಾಯಿತು. ಮನೆ ಟಾರ್ನೀಟ್‌ನಲ್ಲಿ, ಕೆಲಸ ಟ್ರುಗನೀನಾದ ಗೋದಾಮಿನಲ್ಲಿ, ಶಿಫ್ಟ್ ಬೆಳಗಿನ ಐದಕ್ಕೆ. ಆ ಹೊತ್ತಿಗೆ ಬಸ್ಸಿಲ್ಲ, ಕಾರಿಗೆ ದುಡ್ಡಿಲ್ಲ. ಆಸ್ಟ್ರೇಲಿಯಾ ಪೋಸ್ಟ್‌ನವರು ಓಡಿಸಿ ಬಿಟ್ಟ ಕೆಂಪು ಹೋಂಡಾ ಸಿಟಿ110 ಒಂದು 1,500 ಡಾಲರಿಗೆ ಇದೆ. ಊರಲ್ಲಿ ಸ್ಪ್ಲೆಂಡರ್ ಓಡಿಸಿ ಗೊತ್ತು. ತಗೊಳ್ಳಲಾ?

ಜಿಲಾಂಗ್‌ನಿಂದ:
ಆರು ವರ್ಷ ಓಡಿಸಿದೆ, ಮಾರಿದ್ದಕ್ಕೆ ಈಗಲೂ ಬೇಜಾರಿದೆ. ಮೀಟರು 28,000 ಕಿ.ಮೀ. ತೋರಿಸಿದರೆ ಅದನ್ನು ನಿಮ್ಮ ಸ್ಪ್ಲೆಂಡರಿನ 28,000 ಅಂದುಕೊಳ್ಳಬೇಡಿ. ಒಂದು ಮನೆಯ ಅಂಚೆ ಡಬ್ಬಿಯಿಂದ ಪಕ್ಕದ ಮನೆಯ ಡಬ್ಬಿಗೆ, ನಿಂತು ಹೊರಟು ನಿಂತು ಹೊರಟು ಆದ ದೂರ ಅದು. ಜೊತೆಗೆ ಫುಟ್‌ಪಾತ್ ಹತ್ತಿಳಿದ ಹೊಡೆತ. ಹಾಗಾಗಿ ಎಂಜಿನ್‌ಗಿಂತ ಮೊದಲು ಸವೆಯುವುದು ಕ್ಲಚ್ಚು, ಬ್ರೇಕ್ ಶೂ, ಚಕ್ರದ ಬೇರಿಂಗು, ಹ್ಯಾಂಡಲಿನ ಬೇರಿಂಗು. ಮುಂದಿನ ಚಕ್ರ ಎತ್ತಿ ಹಿಡಿಸಿ ಹ್ಯಾಂಡಲನ್ನು ಮೆಲ್ಲಗೆ ಎಡಬಲ ತಿರುಗಿಸಿ. ನಟ್ಟನಡುವೆ ಸಣ್ಣ ಗುಂಡಿಗೆ ಬಿದ್ದ ಹಾಗೆ ಕಚ್ಚಿಕೊಂಡರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದೇ ತಟ್ಟಿ, ಟಿಣ್ ಅನ್ನಬೇಕು. ಚೈನು ಪೂರ್ತಿ ಕವರಿನೊಳಗೆ ಇರುತ್ತದೆ, ಕಾಣದ್ದಕ್ಕೆ ಯಾರೂ ಎಣ್ಣೆ ಹಾಕಿರುವುದಿಲ್ಲ. ರಬ್ಬರ್ ಬಿರಡೆ ತೆಗೆದು ಬೆರಳಲ್ಲಿ ಎತ್ತಿ ನೋಡಿ.

ಬಿಚ್ಚಿ ಬದಲಿಸುವ ಆಯಿಲ್ ಫಿಲ್ಟರ್ ಅನ್ನೋದು ಇಲ್ಲ. ಹಿಡಿಯುವ ಆಯಿಲ್ ಒಂದು ಲೀಟರಿಗೂ ಕಡಿಮೆ. ನಾನು 1,500 ಕಿ.ಮೀ.ಗೊಮ್ಮೆ ಬದಲಿಸುತ್ತಿದ್ದೆ. ಅದೊಂದನ್ನು ತಪ್ಪಿಸಲಿಲ್ಲ, ಎಂಜಿನ್ ಬಿಚ್ಚುವ ಪ್ರಸಂಗವೂ ಬರಲಿಲ್ಲ. 1958ರ ಸೂಪರ್ ಕಬ್‌ನ ವಂಶ, ಸುಲಭಕ್ಕೆ ಸಾಯುವ ಜಾತಿಯಲ್ಲ. ಲೀಟರಿಗೆ ನನಗೆ 45 ಕಿ.ಮೀ. ಆಸುಪಾಸು ಬರುತ್ತಿತ್ತು.

ಧಾರವಾಡದಾಂವ, ಈಗ ಅಡಿಲೇಡ್‌ನ್ಯಾಗ:
ಗೇರಿಂದು ಯಾರೂ ಹೇಳಲಿಲ್ಲಲ್ರೀ. ಕ್ಲಚ್ ಒಳಗ ಐತಿ, ಆದ್ರ ಕೈಯಾಗ ಹಿಡಿಯೋ ಲಿವರ್ರ ಇಲ್ಲ. ಸ್ಪ್ಲೆಂಡರ್ ಹಂಗ ನಾಕೂ ಗೇರ್ ಮುಂದ ಒತ್ತೋದು, ಅದು ನಿಮಗ ರೂಢಿ ಐತಿ. ಆದ್ರ ಎಡಗೈ ಸುಮ್ನ ಕುಂದ್ರೂದಿಲ್ಲ, ಇಲ್ಲದ ಕ್ಲಚ್ ಹುಡುಕತೈತಿ. ಗೇರ್ ಹಾಕೂಮುಂದ ಥ್ರಾಟಲ್ ಬಿಡ್ರಿ, ಇಲ್ಲಂದ್ರ ಕುದರಿ ಹಂಗ ಎಗರತೈತಿ. ಮೊದಲನೇ ದಿನ ನಾ ಬಾಜೂ ಮನಿ ಬೇಲ್ಯಾಗ ಹೋಗಿ ನಿಂತಿದ್ದೆ. ಸ್ಟ್ಯಾಂಡು ಎರಡೂ ಕಡೆ ಅದಾವು, ಎರಡೂ ಎತ್ತೀರೋ ಇಲ್ಲೋ ನೋಡ್ಕೊಳ್ರಿ. ಹಿಂದ ಕೂಡಾಕ ಸೀಟಿಲ್ಲ, ಬರೀ ಕ್ಯಾರಿಯರ್. ಮನಿಯವ್ರಿಗೆ ಮೊದಲ ಹೇಳಿಬಿಡ್ರಿ.

ಸನ್‌ಶೈನ್‌ನಿಂದ:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸುಟ್ಟುಕೊಂಡದ್ದನ್ನು ಹೇಳುತ್ತೇನೆ. ಹರಾಜಿನಲ್ಲಿ 900 ಡಾಲರಿಗೆ ಹಿಡಿದೆ. ಅಲ್ಲಿ ಓಡಿಸಿ ನೋಡಲು ಬಿಡಲಿಲ್ಲ, ಮೇಲೆ ಹರಾಜಿನವರ ಫೀಸು ಬೇರೆ. ರಿಜಿಸ್ಟ್ರೇಶನ್ ಇರಲಿಲ್ಲ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಅಂಥದ್ದನ್ನು ಮತ್ತೆ ರಸ್ತೆಗೆ ತರಲು ರೋಡ್‌ವರ್ದಿ ಸರ್ಟಿಫಿಕೇಟ್, ಅಂದರೆ ಗಾಡಿ ರಸ್ತೆಗೆ ಯೋಗ್ಯ ಅನ್ನುವ ಪತ್ರ, ಬೇಕಲ್ಲ, ಅದಕ್ಕೆ ಟೈರು, ಬ್ರೇಕ್ ಶೂ, ಬೇರಿಂಗು, ಇಂಡಿಕೇಟರು ಅಂತ ಹೋಗಿ ಹೋಗಿ 900 ಅನ್ನೋದು 1,900 ಆಯಿತು. ನಿಮ್ಮ 1,500 ರಿಜಿಸ್ಟ್ರೇಶನ್ ಸೇರಿಸಿಯೋ ಬಿಟ್ಟೋ? ಅದನ್ನು ಮೊದಲು ಕೇಳಿ. ಕಾರಿನ ಲೈಸೆನ್ಸ್ ಮೇಲೆ ಇದನ್ನು ಓಡಿಸುವಂತಿಲ್ಲ, ನೆನಪಿರಲಿ. ಒಂದು ಸುಖ ಮಾತ್ರ ಒಪ್ಪುತ್ತೇನೆ: ಇಲ್ಲಿ ಜನರಿಗೆ ಅಡ್ಡಿಯಾಗದಂತೆ ಬೈಕನ್ನು ಫುಟ್‌ಪಾತ್ ಮೇಲೆ ನಿಲ್ಲಿಸಬಹುದು, ಪಾರ್ಕಿಂಗ್ ತಲೆನೋವಿಲ್ಲ.

ಬ್ರಿಸ್ಬೇನ್‌ನಿಂದ:
ಕೊಳ್ಳುವುದಾದರೆ ಅದರ ನಂತರ ಬಂದ ಹೋಂಡಾ ಎನ್‌ಬಿಸಿ110 ಹುಡುಕಿ. ಫ್ಯೂಯೆಲ್ ಇಂಜೆಕ್ಷನ್, ಸೆಲ್ಫ್ ಸ್ಟಾರ್ಟ್. ಸಿಟಿ110ಗೆ ಕಿಕ್ ಒಂದೇ ಗತಿ, ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಒದೆಯುತ್ತ ನಿಂತರೆ ಪಕ್ಕದ ಮನೆಯವರೂ ಎದ್ದುಬಿಡುತ್ತಾರೆ. ಪೋಸ್ಟ್‌ನವರೇ ಈಗ ಮೂರು ಚಕ್ರದ ಕರೆಂಟ್ ಗಾಡಿಗಳ ಕಡೆ ಹೊರಳಿದ್ದಾರೆ.

ಜಿಲಾಂಗ್‌ನಿಂದ, ಮತ್ತೆ:
ಎನ್‌ಬಿಸಿ ಒಳ್ಳೆಯದೇ, ಆದರೆ ಅವರ ದುಡ್ಡಿಗೆ ಸಿಗಬೇಕಲ್ಲ. ಇನ್ನೊಂದು ಮರೆತಿದ್ದೆ. ಇದು 105 ಸಿಸಿ. ಎದುರುಗಾಳಿ ಇದ್ದರೆ 80 ಮುಟ್ಟಲು ಒದ್ದಾಡುತ್ತದೆ, ಪ್ರಿನ್ಸಸ್ ಫ್ರೀವೇ ಕಡೆ ತಲೆ ಹಾಕಬೇಡಿ. ಚೈನು ಎಳೆಯುವ ಮುಂದಿನ ಹಲ್ಲುಚಕ್ರ (ಸ್ಪ್ರಾಕೆಟ್) ಒಂದೆರಡು ಹಲ್ಲು ದೊಡ್ಡದು ಹಾಕಿಸಿದರೆ ಎಂಜಿನ್ ಕಿರುಚುವುದು ಕಡಿಮೆಯಾಗುತ್ತದೆ, ಏರಿನಲ್ಲಿ ಮಾತ್ರ ಸುಸ್ತು. ನಿಮ್ಮ ಕಡೆ ಏರೆಲ್ಲಿದೆ, ಚಪ್ಪಟೆ ಬಯಲು. ಎರಡೂ ಡ್ರಮ್ ಬ್ರೇಕು, ಮಳೆಯಲ್ಲಿ ದೂರದಿಂದಲೇ ಹಿಡಿಯಿರಿ.

ಕೇಳಿದವನು:
ನಿನ್ನೆ ಹೋಗಿ ನೋಡಿದೆ. ರಿಜಿಸ್ಟ್ರೇಶನ್ ಇಲ್ಲ. ಹ್ಯಾಂಡಲ್ ನೀವು ಹೇಳಿದ ಹಾಗೇ ನಡುವೆ ಕಚ್ಚುತ್ತದೆ. ಹಳೇ ಮಾಡೆಲ್, 6 ವೋಲ್ಟ್ ಅಂತೆ. ಹೆಡ್‌ಲೈಟ್ ಹಚ್ಚಿದರೆ ದೇವರ ಮನೆ ದೀಪದಷ್ಟು ಬೆಳಕು. 1,100ಕ್ಕೆ ಇಳಿದಿದ್ದಾನೆ.

ಸನ್‌ಶೈನ್‌ನಿಂದ:
ಬೇರಿಂಗ್ ಆದರೆ ಒಂದು ಮಧ್ಯಾಹ್ನದ ಕೆಲಸ, ಅದಕ್ಕೆ ಹೆದರಬೇಡಿ. ಬೆಳಗಿನ ನಾಲ್ಕೂವರೆಯ ಕತ್ತಲಿಗೆ 6 ವೋಲ್ಟ್ ಬೇಡವೇ ಬೇಡ. ಬಿಡಿ ಅದನ್ನು. ಮೆಲ್ಟನ್‌ನಲ್ಲಿ 12 ವೋಲ್ಟಿಂದು ಒಂದಿದೆ, ರಿಜಿಸ್ಟ್ರೇಶನ್ ಜೊತೆ 1,800 ಕೇಳುತ್ತಿದ್ದಾರೆ. ಶನಿವಾರ ನನಗೆ ರಜೆ, ಸ್ಪ್ಯಾನರ್ ಹಿಡಿದುಕೊಂಡು ಬರುತ್ತೇನೆ.