‘ಕೃತಕ ಹಿಮ’ ಸರಿಯೇ? ‘ರವೆ ಹಿಮ’ ಅಂದರೆ ಹೇಗೆ?

ಎಲ್ಲರಿಗೂ ನಮಸ್ಕಾರ. ಮಕ್ಕಳಿಗಾಗಿ ಹಿಮ ಮಾಡುವ ಯಂತ್ರದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಉಡುಪಿಯಲ್ಲಿ ಫ್ಯಾನಿನ ಕೆಳಗೆ ಬೆವರುತ್ತಾ ಹಿಮದ ಬಗ್ಗೆ ಬರೆಯುವುದೇ ಒಂದು ತಮಾಷೆ, ಇರಲಿ. ಮೊದಲ ಸಾಲಲ್ಲೇ ಪದ ಕೈಕೊಟ್ಟಿದೆ.

‘ಸ್ನೋ’ಗೆ ‘ಮಂಜು’ ಅಂತ ಬರೆಯುವವರಿದ್ದಾರೆ. ಆದರೆ ಮಂಜಿನ ನಗರಿ ಅಂದರೆ ನಮಗೆ ಮಡಿಕೇರಿ. ಅಲ್ಲಿ ಸ್ನೋ ಎಲ್ಲಿ ಬೀಳುತ್ತದೆ? ಮಲಯಾಳದವರಿಗೆ ಸುಲಭ, ‘ಮಞ್ಞ್’ ಅಂದರೆ ಇಬ್ಬನಿಯೂ ಆಯಿತು, ಹಿಮವೂ ಆಯಿತು. ‘ಮಂಜುಗಡ್ಡೆ’ ಪುಸ್ತಕದ ಪದ. ಮಲ್ಪೆ ದಕ್ಕೆಯಲ್ಲಿ ಅದು ಬರೀ ‘ಐಸ್’. ಹಾಗಾಗಿ ‘ಹಿಮ’ವನ್ನೇ ಇಟ್ಟುಕೊಂಡೆ.

ನನ್ನ ತಕರಾರು ‘ಕೃತಕ’ದ ಮೇಲೆ. ಡಿಸೆಂಬರಿನಲ್ಲಿ ಮಂಗಳೂರಿನ ಗೋದಲಿಗಳಲ್ಲಿ ಹತ್ತಿ ಹರಡುತ್ತಾರಲ್ಲ, ಅದು ಕೃತಕ ಹಿಮ. ಯಂತ್ರದ್ದು ಹಾಗಲ್ಲ. ನೀರನ್ನು ಒತ್ತಡದಲ್ಲಿ ಸಣ್ಣ ಹನಿ ಮಾಡಿ ಚಳಿಗಾಳಿಗೆ ಚಿಮ್ಮಿಸುತ್ತಾರೆ, ಅಡಿಕೆಗೆ ಮದ್ದು ಬಿಟ್ಟ ಹಾಗೆ. ಹನಿ ನೆಲ ಮುಟ್ಟುವುದರೊಳಗೆ ಗಟ್ಟಿಯಾಗಬೇಕು. ನೀರು ನಿಜ, ಚಳಿ ನಿಜ, ಹೆಪ್ಪುಗಟ್ಟುವುದೂ ನಿಜ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀ ಇಳಿಜಾರುಗಳು ಹೆಚ್ಚುಕಡಿಮೆ ಪೂರ್ತಿ ಇಂಥ ಹಿಮದ್ದೇ. ‘ಕೃತಕ’ ಅಂದರೆ ಮಕ್ಕಳು ಥರ್ಮೊಕೋಲ್ ಅಂದುಕೊಂಡಾರು. ಹೊಳೆ ಸೊರಗಿರುವ ಚಳಿಗಾಲದಲ್ಲೇ ಅದರ ನೀರು ಎಳೆಯಬೇಕಾಗಿ ಬರುವ ಸಂಗತಿ ಆ ಪದದಡಿ ಮುಚ್ಚಿಹೋಗುತ್ತದೆ.

ಹಾಗಂತ ಮೋಡದಿಂದ ಬೀಳುವ ಹಿಮವೂ ಅಲ್ಲ. ಅಲ್ಲಿ ಆವಿ ನೇರವಾಗಿ ಹರಳಾಗಿ ಆರು ಕೈ ಚಾಚುತ್ತದೆ. ಇಲ್ಲಿ ಹನಿಯೇ ಪುಟ್ಟ ಗುಂಡಾಗುತ್ತದೆ. ಕೈ ಇಲ್ಲದ್ದರಿಂದ ಒತ್ತೊತ್ತಾಗಿ ಕೂರುತ್ತದೆ. ಆಗಷ್ಟೇ ಬಿದ್ದ ಹಿಮ ಘನ ಮೀಟರಿಗೆ ಸುಮಾರು 100 ಕಿಲೋ ಇದ್ದರೆ ಇದು 400ರ ಆಸುಪಾಸು. ಕರಗುವುದೂ ತಡ, ಅಡಿಯ ಹುಲ್ಲು ತಲೆ ಎತ್ತುವುದೂ ತಡ.

ನಮ್ಮ ಕಡೆಯ ‘ಹುಡಿ’ ಸೇರಿಸಿ ‘ಹುಡಿ ಹಿಮ’ ಅನ್ನೋಣ ಅಂದುಕೊಂಡಿದ್ದೆ. ಆದರೆ ಹುಡಿ ಊದಿದರೆ ಹಾರುತ್ತದೆ, ಇದು ಹಾರುವ ಜಾತಿಯದ್ದಲ್ಲ. ಮೊನ್ನೆ ಸಜ್ಜಿಗೆಗೆ ಡಬ್ಬಿಯಿಂದ ರವೆ ಸುರಿಯುವಾಗ ಅದು ಸರ್ರನೆ ಜಾರಿ ಒತ್ತಾಗಿ ಕೂತಿತು. ಇದೇ ಅಲ್ವಾ ಅನಿಸಿತು: ‘ರವೆ ಹಿಮ’. ಅಮ್ಮ ಕೇಳಿ, “ಅದನ್ನು ತಿನ್ಲಿಕ್ಕುಂಟಾ?” ಅಂದರು.

ಇನ್ನೊಂದು, ಇದು ಜಾಸ್ತಿ ತಲೆ ತಿನ್ನುತ್ತಿದೆ: ‘ವೆಟ್ ಬಲ್ಬ್ ಟೆಂಪರೇಚರ್’. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಆಡಿಸಿದಾಗ ಸಿಗುವ ಅಳತೆ. ಬಟ್ಟೆಯ ನೀರು ಆರುತ್ತಾ ಬುಡವನ್ನು ತಣ್ಣಗೆ ಮಾಡುತ್ತದೆ, ಗಾಳಿ ಒಣಗಿದಷ್ಟೂ ಹೆಚ್ಚು. ಯಂತ್ರ ಓಡಿಸುವವರು ನೋಡುವುದು ಇದನ್ನೇ. ಮೈನಸ್ 2–3 ಡಿಗ್ರಿಗಾದರೂ ಇಳಿಯಬೇಕು. ಗಾಳಿ ಚೆನ್ನಾಗಿ ಒಣಗಿದ್ದರೆ ಮಾಮೂಲಿ ಥರ್ಮಾಮೀಟರು ಸೊನ್ನೆ ತೋರಿಸುವಾಗಲೂ ಹಿಮ ಆಗುತ್ತದೆ. ಗಾಳಿಯಲ್ಲಿ ಪಸೆ ತುಂಬಿದ್ದರೆ ಮೈನಸ್ 1ರಲ್ಲೂ ಬರೀ ನೀರು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಳ್ಳಾರಿಯದ್ದು ಬಿಸಿಲು, ನಮ್ಮದು ಸೆಕೆ. ಬೆವರು ಆರದಿರುವುದೇ ಸೆಕೆ. ‘ಒದ್ದೆ ಬಲ್ಬಿನ ಉಷ್ಣತೆ’ ಅಂತ ಬರೆದರೆ ಮಕ್ಕಳು ಮನೆಯ ಬಲ್ಬಿಗೆ ನೀರು ಹಾಕಿಯಾರು ಅಂತ ಹೆದರಿಕೆ. ‘ಸೆಕೆಯಳತೆ’ ಅನ್ನಬಹುದಾ? ಮೈನಸ್ 3 ಡಿಗ್ರಿ ಸೆಕೆ ಅಂದರೆ ಘಟ್ಟದ ಮೇಲಿನವರು ನಗುತ್ತೀರಾ?