ಮೊದಲ ನಾಟಕ: ಮೊದಲರ್ಧ ಓಡುತ್ತದೆ, ಎರಡನೇ ಅರ್ಧ ಕೂತುಬಿಡುತ್ತದೆ. ಎಲ್ಲಿ ತಿದ್ದಬೇಕು?

ತೊಟ್ಟುಮುರಿ:
ಇದು ನಾನು ಬರೆದ ಮೊದಲ ನಾಟಕ. ಹವ್ಯಾಸಿ ತಂಡವೊಂದು ಆಡಲು ಒಪ್ಪಿದೆ, ಆದರೆ ಪ್ರತಿಯನ್ನು ತಿದ್ದಿಕೊಡಿ ಎಂದಿದ್ದಾರೆ. ಕಥೆ ಬ್ಯಾಡಗಿಯದು. ಗಂಗಾಳ ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದವಳು. ಶಿವು ದಲಾಲಿ ಅಂಗಡಿಯ ಗುಮಾಸ್ತನ ಮಗ. ಗಂಗಾಳನ್ನು 16, 21, 28ನೇ ವಯಸ್ಸಿನಲ್ಲಿ ನೋಡುತ್ತೇವೆ: ಊರಲ್ಲಿ ಪಿಯುಸಿ, ಬೆಂಗಳೂರಲ್ಲಿ ನರ್ಸಿಂಗ್ ಓದು, ಕೊನೆಗೆ ಕೆಲಸಕ್ಕೆಂದು ಜರ್ಮನಿಗೆ ಹೊರಡುವುದು. ತೊಂದರೆಗಳು ಇವು:

1. ಗಟ್ಟಿಯಾಗಿ ಓದಿದರೆ 2 ಗಂಟೆ 20 ನಿಮಿಷ. ತಂಡ ಕೇಳಿದ್ದು 90 ನಿಮಿಷ.
2. 28ರ ಭಾಗ ಪೂರ್ತಿ ಫೋನ್ ಮಾತು, ನೆನಪು. ಕೇಳಿದವರಿಗೆ ಅಲ್ಲಿ ಆಕಳಿಕೆ.
3. ಪ್ರೇಮದ ದೃಶ್ಯ ಧಾರಾವಾಹಿಯಂತೆ ಕೇಳಿಸುತ್ತದೆ. ಉದಾಹರಣೆಗೆ ಶಿವುವಿನ ಮಾತು: "ನಿನ್ನ ಕನಸಿಗೆ ನಾನು ಅಡ್ಡಿ ಬರಲ್ಲ ಗಂಗಾ. ಆದರೆ ನೀನಿಲ್ಲದೆ ನಾನು ಹೇಗಿರಲಿ?"
4. ಗಂಗಾಳಿಗೆ ಒಬ್ಬಳೇ ನಟಿಯೋ, ಮೂವರೋ?
5. ರಂಗದ ಮೇಲೆ ನಿಜವಾದ ಮೆಣಸಿನಕಾಯಿ ಬಳಸಬಹುದೆ?

ಮೂರನೇ ಬೆಲ್:
ಮೊದಲು ಲೆಕ್ಕ. ರಂಗದ ಮೇಲೆ ಕನ್ನಡ ಮಾತು ನಿಮಿಷಕ್ಕೆ ನೂರು ಪದದ ಆಸುಪಾಸಿನಲ್ಲಿ ಓಡುತ್ತದೆ. ಓಡಾಟ, ಮೌನ, ಹಾಡು, ದೃಶ್ಯ ಬದಲಾವಣೆ ಎಲ್ಲ ಸೇರಿ 90 ನಿಮಿಷದಲ್ಲಿ 15-20 ನಿಮಿಷ ತಿನ್ನುತ್ತವೆ. ಹಾಗಾಗಿ ಮಾತಿಗೆ ಸಿಗುವುದು 7,000 ಪದ, ಬಹಳವೆಂದರೆ 7,500. ಕೂತು ಓದಿದಾಗಲೇ 2 ಗಂಟೆ 20 ಆಗಿದ್ದರೆ ಆಡುವಾಗ ಎರಡೂವರೆ ದಾಟುತ್ತದೆ. ಅಲ್ಲೊಂದು ಸಾಲು ಇಲ್ಲೊಂದು ಸಾಲು ಕತ್ತರಿಸಿ ಇದನ್ನು ಇಳಿಸಲು ಆಗುವುದಿಲ್ಲ. ಇಡೀ ದೃಶ್ಯಗಳೇ ಹೋಗಬೇಕು.

ಯಾವುದು ಹೋಗಬೇಕೆಂದು ವಾಚನ ಹೇಳುತ್ತದೆ. ಕಥೆ ಗೊತ್ತಿಲ್ಲದ ಐದಾರು ಜನರಿಂದ ಓದಿಸಿ. ನೀವು ಯಾವ ಪಾತ್ರವನ್ನೂ ಓದಬೇಡಿ, ನಡುವೆ ಬಾಯಿ ಹಾಕಿ ವಿವರಿಸಲೂ ಬೇಡಿ. ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಗಡಿಯಾರ ಇರಲಿ. ಓದುವವರು ತಡವರಿಸಿದ ಸಾಲಿಗೆ ಸುತ್ತು, ಕೇಳುವವರು ಕಾಲು ಅಲ್ಲಾಡಿಸಿದ ಜಾಗಕ್ಕೆ ಅಡ್ಡಗೆರೆ. ಮುಗಿದ ಮೇಲೆ "ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತಲೇ ಉತ್ತರ ಬರುತ್ತದೆ. ಬದಲಿಗೆ "ಕಥೆ ಹೇಳಿ ನೋಡೋಣ" ಅನ್ನಿ. ಅವರು ಹೇಳುವಾಗ ಬಿಟ್ಟುಹೋದ ದೃಶ್ಯಗಳೇ ನೀವು ತೆಗೆಯಬೇಕಾದವು. ಇಂಥ ವಾಚನ ಮೂರಾದರೂ ಆಗಲಿ, ಪ್ರತಿಸಲ ಹೊಸ ಕಿವಿ.

ಯಾವ ರಂಗಮಂದಿರ ಅಂತ ಬರೆದಿಲ್ಲ. ರಂಗಶಂಕರದಂಥ ಕಡೆ ಪ್ರೇಕ್ಷಕರು ಮೂರು ಬದಿಯಲ್ಲಿ ಹತ್ತಿರವೇ ಇರುತ್ತಾರೆ, ಪಿಸುಮಾತೂ ನಡೆಯುತ್ತದೆ. ಅದೇ ದೃಶ್ಯ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಾಲಿಗೆ ಮೂಕಾಭಿನಯ. ಊರೂರು ತಿರುಗಿಸುವ ಯೋಚನೆ ಇದ್ದರೆ, ಮಾತು ಕೇಳದಿದ್ದರೂ ಏನಾಯಿತೆಂದು ಕಣ್ಣಿಗೆ ಗೊತ್ತಾಗುವ ಒಂದು ಕ್ರಿಯೆ ಪ್ರತಿ ದೃಶ್ಯದಲ್ಲೂ ಇರಬೇಕು.

ಪಡಸಾಲೆ:
ಎರಡನೇ ಅರ್ಧದ ರೋಗ ಫೋನ್ ಅಲ್ಲ. ಗಂಗಾಳ ಹಂಬಲಕ್ಕೆ ಬೆಲೆ ತೆರುವವರು ರಂಗದ ಮೇಲೆ ಇಲ್ಲ, ಅದು ರೋಗ. ಅವ್ವ ಫೋನಿನ ಆ ಕಡೆ, ಶಿವು ನೆನಪಿನ ಒಳಗೆ. ಉಳಿದವಳು ಒಬ್ಬಳೇ ಕೂತು ದುಃಖಿಸುವ ಹುಡುಗಿ. ಅದನ್ನು ಎಷ್ಟು ಹೊತ್ತು ನೋಡುವುದು?

ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ'ಯನ್ನು ಇದೊಂದೇ ಕಾರಣಕ್ಕೆ ಇನ್ನೊಮ್ಮೆ ಓದಿ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ್ದು. ಕಾರ್ನಾಡರಿಗೆ ಆಗಿನ್ನೂ 23 ಆಸುಪಾಸು. ಅಪ್ಪನ ಮುಪ್ಪನ್ನು ಮಗ ಪುರು ಹೊರುವ ಕಥೆ ಮಹಾಭಾರತದ್ದೇ. ಆದರೆ ಪುರುವಿನ ಹೆಂಡತಿಯಾಗಿ ಚಿತ್ರಲೇಖೆಯನ್ನು ತಂದು ನಿಲ್ಲಿಸಿದ್ದು ಕಾರ್ನಾಡರು. ಅಪ್ಪನಿಗೆ ಯೌವನ ಬೇಕು, ಮಗನಿಗೆ ತ್ಯಾಗದ ದೊಡ್ಡಸ್ತಿಕೆ ಬೇಕು. ಇಬ್ಬರ ಹಟಕ್ಕೂ ಬೆಲೆ ತೆರುವವಳು ನಿನ್ನೆ ಮೊನ್ನೆ ಬಂದ ಸೊಸೆ. ಅವಳು ಎದುರು ನಿಂತು ಪ್ರಶ್ನೆ ಕೇಳಿದಾಗ ನಾಟಕ ಬಿಗಿಯಾಗುತ್ತದೆ. ಆಕೆ ವಿಷ ಕುಡಿದ ಮೇಲೆ ಯಯಾತಿಗೆ ಮುಪ್ಪನ್ನು ಮರಳಿ ಹೊರದೆ ದಾರಿಯಿಲ್ಲ. ಬೆಳೆಯುವುದು ಅಂದರೆ ಏನು ಅಂತ ಅಲ್ಲಿ ಯಾರೂ ಭಾಷಣ ಮಾಡಬೇಕಾಗಿಲ್ಲ.

ನಿಮ್ಮಲ್ಲಿ ಆ ಜಾಗ ಅವ್ವನದು. ಅವಳನ್ನು ಬೆಂಗಳೂರಿಗೆ ಕರೆತನ್ನಿ, ಎರಡೇ ದಿನಕ್ಕೆ, ಮಗಳನ್ನು ಕಳಿಸಿಕೊಡುವ ನೆಪದಲ್ಲಿ. ಪಿಜಿ ಕೋಣೆ, ಒಂದು ಮಂಚ, ಒಂದು ಸೂಟ್‌ಕೇಸ್, ತೂಕದ ಮಿತಿ 23 ಕೆಜಿ. ಅವ್ವ ತಂದ ಖಾರಪುಡಿ, ರೊಟ್ಟಿ, ಶೇಂಗಾ ಚಟ್ನಿ ಹಾಕಿದರೆ ಪುಸ್ತಕ ಬಿಡಬೇಕು, ಪುಸ್ತಕ ಹಾಕಿದರೆ ಡಬ್ಬಿ ಬಿಡಬೇಕು. 28ರ ಭಾಗಕ್ಕೆ ಈ ಒಂದು ದೃಶ್ಯ ಸಾಕು, 25 ನಿಮಿಷ ನಿಲ್ಲುತ್ತದೆ. ಗಡುವೂ ತಾನಾಗಿ ಬಂತು: ಬೆಳಗಿನ ಜಾವ ಟ್ಯಾಕ್ಸಿ.

ಪ್ರೇಮದ ಮಾತಿನ ವಿಷಯ. ಶಿವು ತನ್ನ ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡುವುದರಿಂದ ನಟನಿಗೆ ಮಾಡಲು ಏನೂ ಉಳಿದಿಲ್ಲ. ನರ್ಸಿಂಗ್ ಅರ್ಜಿಗೆ ಗಂಗಾಳ ಫೋಟೋ ಪ್ರಿಂಟ್ ಹಾಕಿಸಿಕೊಂಡು ಬರುವ ಕೆಲಸ ಅವನಿಗೆ ಕೊಡಿ:

ಶಿವು: ಫೋಟೋ ಎಷ್ಟ ಬೇಕಂದಿ?
ಗಂಗಾ: ನಾಕು.
ಶಿವು: ಐದು ಹಾಕ್ಸೀನಿ.
ಗಂಗಾ: ಐದ್ಯಾಕ?
(ಶಿವು ನಾಲ್ಕನ್ನು ಎಣಿಸಿ ಲಕೋಟೆಗೆ ಹಾಕಿ ಕೊಡುತ್ತಾನೆ. ಅವಳು ಕೈ ಚಾಚಿಯೇ ಇರುತ್ತಾಳೆ.)

ಅವಳು ಊರು ಬಿಡಲು ಬೇಕಾದ ಕಾಗದವನ್ನು ಅವನೇ ತಂದುಕೊಡುತ್ತಿದ್ದಾನೆ. ಪ್ರೀತಿ ಒಂದು ದೃಶ್ಯ, ಹಂಬಲ ಇನ್ನೊಂದು ದೃಶ್ಯ ಅಂತ ಬೇರೆ ಮಾಡಿದ್ದೀರಿ ಅನ್ನಿಸುತ್ತದೆ. ಎರಡೂ ಒಂದೇ ದೃಶ್ಯದಲ್ಲಿ ತಿಕ್ಕಾಡಲಿ, ಪುಟಗಳೂ ಕಮ್ಮಿಯಾಗುತ್ತವೆ.

ಹಾವೇರಿ ಕಡೆಯವ:
ಪಡಸಾಲೆಯವರು ಹೇಳಿದ್ದು ಖರೆ. ನಾನು ಭಾಷಾದ ಬಗ್ಗೆ ಅಷ್ಟೇ ಹೇಳತೀನಿ. ಶಿವು ಬ್ಯಾಡಗಿ ಹುಡುಗ, "ನಾನು ಹೇಗಿರಲಿ" ಅಂತ ಎಂದೂ ಅನ್ನಂಗಿಲ್ಲ. "ನಾ ಏನ್ ಮಾಡ್ಲಿ" ಅಂತಾನ, ಇಲ್ಲಾ ಸುಮ್ನ ಆಗ್ತಾನ.

ಗಂಗಾಗ ವಯಸ್ಸಾಗೂದನ್ನ ಮಾತಿನ್ಯಾಗ ತೋರಸ್ರಿ. 16ಕ್ಕ ಶಿವುಗ "ಎಲ್ಲಿ ಹೊಂಟೀಲೇ?" ಅಂತಾಳ. 21ಕ್ಕ ಹಾಸ್ಟೆಲ್ ಗೆಳತಿ ಮುಂದ ಅಕಿ ಮಾತು "ಎಲ್ಲಿಗೆ ಹೋಗ್ತಿದೀಯ" ಆಗ್ಯಾವ, ಆದ್ರ ಸಿಟ್ಟು ಬಂದ್ರ "ಯಾಕ, ನಿನಗೇನಾತು?" ಅಂತ ಊರ ಮಾತು ಜಾರಿ ಬರ್ತದ. 28ಕ್ಕ ಅವ್ವ ಬಂದು ಕುಂತಾಗ ಮೊದಲ ಹತ್ತು ನಿಮಿಷ ಅಕಿ ಬೆಂಗಳೂರು ಕನ್ನಡಾನ ಆಡ್ಲಿ, ಅವ್ವ ಅದನ್ನ ಗಮನಿಸಲಿ, ಏನೂ ಅನ್ನೂದು ಬ್ಯಾಡ. ಆಮ್ಯಾಲೆ ಯಾವ ಸಾಲಿಗೆ ಅಕಿ ತಿರುಗಿ "ಅವ್ವಾ, ನೀ ಉಂಡಿ ಇಲ್ಲ?" ಅಂತಾಳ, ಅದ ನಿಮ್ಮ ನಾಟಕದ ತಿರುವು. ಮ್ಯಾಲೆ ಜರ್ಮನ್ ಪಾಠದ "ಇಖ್ ಬಿನ್ ಗಂಗಾ" ಸೇರಿದ್ರ ಒಂದು ಬಾಯಾಗ ಮೂರು ಊರು.

ಒಂದು ಎಚ್ಚರಿಕೆ: ಪ್ರತಿಯೊಳಗ ಪ್ರತಿ ಶಬ್ದಾನೂ ಗ್ರಾಮ್ಯದಾಗ ಬರಿಲಿಕ್ಕೆ ಹೋಗಬ್ಯಾಡ್ರಿ. ದಕ್ಷಿಣದ ನಟರು ಅದನ್ನ ಓದಿ ಎಳದು ಎಳದು ಆಡಿ ನಗಸಾಟ ಮಾಡ್ತಾರ. ಕ್ರಿಯಾಪದ, ಕರಿಯೂ ಶಬ್ದ, ವಿಭಕ್ತಿ ಸರಿ ಇದ್ರ ಸಾಕು. ಉಳಿದದ್ದನ್ನ ಈ ಕಡೆಯವರೊಬ್ಬರು ತಾಲೀಮಿನ್ಯಾಗ ಕುಂತು ತಿದ್ದಲಿ.

ನೇಪಥ್ಯ:
4 ಮತ್ತು 5ಕ್ಕೆ ನಾನು.

ಒಬ್ಬಳೇ ನಟಿ ಆಗಲಿ. ಮೂವರನ್ನು ಹಾಕಿದರೆ ಪ್ರೇಕ್ಷಕರ ಮೊದಲ ಐದು ನಿಮಿಷ ಪ್ರತಿಸಲ "ಇವಳೇ ಅವಳಾ" ಅನ್ನುವುದಕ್ಕೆ ಹೋಗುತ್ತದೆ. ವಯಸ್ಸಿಗೆ ಮೇಕಪ್ ಬೇಡ, 28 ಮುಪ್ಪಲ್ಲ. ಕೂದಲು, ದುಪಟ್ಟಾ, ಚಪ್ಪಲಿ ಸಾಕು. ಎರಡು ಜಡೆ, ಒಂದು ಜಡೆ, ಕ್ಲಿಪ್. ಈ ಕ್ರಮ ಸುಲಭ, ಬಿಚ್ಚುತ್ತಾ ಹೋಗುವುದಷ್ಟೆ. ಕಥೆ ಹಿಂದೆ ಮುಂದೆ ಹಾರಿ 28ರಿಂದ 16ಕ್ಕೆ ಮರಳಿದರೆ ಎರಡು ಜಡೆ ಹೆಣೆಯಲು ಸಹಾಯಕಿ ಇದ್ದರೂ ಒಂದೂವರೆ ನಿಮಿಷ ಬೇಕು. ಪೂರ್ತಿ ಕತ್ತಲೆ ಎಂಟು ಹತ್ತು ಸೆಕೆಂಡು ದಾಟಿದರೆ ಸಭಾಂಗಣದಲ್ಲಿ ಮೊಬೈಲ್ ಬೆಳಕು ಹತ್ತಿಕೊಳ್ಳುತ್ತದೆ. ಆ ಜಾಗಕ್ಕೆ ಅವ್ವನ ಒಂದು ಹಾಡೋ, ತೊಟ್ಟು ಮುರಿಯುವ ಹೆಂಗಸರ ಮಾತೋ ಬರೆದಿಡಿ.

ಮೆಣಸಿನಕಾಯಿ: ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ನಿಜ. ಆದರೆ ಗಂಟಲು ಹಿಡಿಯುವುದು ಧೂಳು. ಏಸಿ ಇರುವ ಮುಚ್ಚಿದ ಸಭಾಂಗಣದಲ್ಲಿ ಒಂದು ಚೀಲ ಸುರಿದರೆ ಮೊದಲು ನಟಿ ಕೆಮ್ಮುತ್ತಾಳೆ, ಐದು ನಿಮಿಷಕ್ಕೆ ಮೂರನೇ ಸಾಲು ಕೆಮ್ಮುತ್ತದೆ. ಅರ್ಧ ಕೆಜಿ ಇಡೀ ಕಾಯಿ ಸಾಕು. ಬ್ಯಾಡಗಿಯಲ್ಲೇ ಡಬ್ಬಿ ಅನ್ನುವ ಬಗೆಯ ಕಾಯಿ ಗಿಡ್ಡ, ದೂರಕ್ಕೆ ಉಂಡೆಯಂತೆ ಕಾಣುತ್ತದೆ, ಕಡ್ಡಿ ಅನ್ನುವ ಉದ್ದನೆಯ ಬಗೆ ತೊಗೊಳ್ಳಿ. ಮುರಿದವನ್ನೂ ಬೀಜವನ್ನೂ ಜಾಲಿಸಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಚಮಚ ಶೇಂಗಾ ಎಣ್ಣೆ ಸವರಿ. ಧೂಳೇಳುವುದಿಲ್ಲ, ದೀಪಕ್ಕೆ ಹೊಳಪೂ ಬರುತ್ತದೆ. ಎರಡು ಮೂರು ಪ್ರದರ್ಶನಕ್ಕೊಮ್ಮೆ ಬದಲಿಸಿ. ಚೀಲದೊಳಗೆ ಹುಲ್ಲು, ಮೇಲೊಂದು ಪದರ ಮಾತ್ರ ಕಾಯಿ, ತಳಕ್ಕೆ ಐದಾರು ಕೆಜಿ ಮರಳಿನ ಗಂಟು. ಅದಿಲ್ಲದಿದ್ದರೆ ಹಮಾಲ ಹತ್ತಿಯ ದಿಂಬು ಹೊತ್ತಂತೆ ನಡೆಯುತ್ತಾನೆ.

ಇನ್ನೊಂದು: ತೊಟ್ಟು ಮುರಿಯುವ ದೃಶ್ಯದ ಬೆನ್ನಿಗೇ ಗಂಗಾ ಕಣ್ಣು ಒರೆಸಿಕೊಳ್ಳುವ ದೃಶ್ಯ ಇಟ್ಟಿದ್ದರೆ ಕೂಡಲೇ ಬದಲಿಸಿ. ಖಾರದ ಕೈ ಕಣ್ಣಿಗೆ ಹೋದರೆ ನಟಿ ಅವತ್ತಿಗೆ ಮುಗಿದಳು. ನಡುವೆ ಕೈ ತೊಳೆಯುವಷ್ಟು ಸಮಯ ಬೇಕು. ಮೊದಲು ಎಣ್ಣೆ, ಆಮೇಲೆ ಸೋಪು. ಬರೀ ನೀರಿಗೆ ಖಾರ ಹೋಗುವುದಿಲ್ಲ.

ತೊಟ್ಟುಮುರಿ:
ಸೂಟ್‌ಕೇಸ್ ದೃಶ್ಯ ಬರೆಯಲು ಕೂತಿದ್ದೇನೆ. ಐದನೇ ಫೋಟೋ ಅವ್ವನ ಚೀಲದಿಂದ ಹೊರಬಂದರೆ ಅತಿಯಾಗುತ್ತದೆಯೆ? ಮತ್ತೆ ಶಿವು ಒಂದು ಸಿನಿಮಾ ಹಾಡು ಹಾಕುತ್ತಾನೆ, ಅದು ಇರಲೆ?

ಪಡಸಾಲೆ:
ಬರಲಿ, ಆದರೆ ಗಂಗಾಳ ಕೈಗೆ ಸಿಗಬಾರದು. ಅವ್ವ ಡಬ್ಬಿ ಹುಡುಕುವಾಗ ಪ್ರೇಕ್ಷಕರಿಗಷ್ಟೇ ಕಂಡು, ಅವಳು ಅದನ್ನು ಚೀಲಕ್ಕೇ ತಿರುಗಿ ಸೇರಿಸಲಿ. ಶಿವು ಅದನ್ನು ಅವ್ವನಿಗೆ ಯಾವಾಗ ಕೊಟ್ಟ ಅಂತ ಯಾರೂ ವಿವರಿಸುವುದು ಬೇಡ.

ಮೂರನೇ ಬೆಲ್:
ಹಾಡು ತೆಗೆಯಿರಿ. ಟಿಕೆಟ್ ಇಟ್ಟು ಆಡುವ ನಾಟಕದಲ್ಲಿ ಸಿನಿಮಾ ಹಾಡು ಹಾಕಿದರೆ ಹಕ್ಕಿನ ಪ್ರಶ್ನೆ ಬರುತ್ತದೆ, ಮೇಲಾಗಿ ಆ ಮೂರು ನಿಮಿಷ ಪ್ರೇಕ್ಷಕರು ಸಿನಿಮಾ ನೆನೆಯುತ್ತಾ ಕೂರುತ್ತಾರೆ. ನಿಮ್ಮ ಕೃತಿಯ ಹಕ್ಕು ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ತಂಡಕ್ಕೆ ಪ್ರತಿ ಕೊಡುವಾಗ ಎಷ್ಟು ಪ್ರದರ್ಶನಕ್ಕೆ ಅನುಮತಿ, ಪ್ರತಿ ಪ್ರದರ್ಶನಕ್ಕೆ ಗೌರವಧನ ಎಷ್ಟು, ಸಾಲು ಬದಲಿಸಿದರೆ ಯಾರನ್ನು ಕೇಳಬೇಕು, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಸಂಜೆ ಎರಡು ಮೂರು ಗಂಟೆಯಂತೆ ನಲವತ್ತು ದಿನ ತಾಲೀಮು ಹಿಡಿಯುತ್ತದೆ. ಮೊದಲ ಹತ್ತು ದಿನ ಹೋಗಿ ಕೂತು ತಿದ್ದಿ, ಅದಾದ ಮೇಲೆ ಪ್ರತಿ ಮುಟ್ಟಬೇಡಿ. ನಟರು ಹಳೇ ಸಾಲು ಬಾಯಿಪಾಠ ಮಾಡಿಬಿಟ್ಟಿರುತ್ತಾರೆ, ಪ್ರದರ್ಶನದ ದಿನ ಬಾಯಿಗೆ ಬರುವುದು ಅದೇ.